ಹಗೇವಿನ ಬಾಯಲ್ಲಿ ಕೇಳಿದ ಮೂರು ಏಟು

ಸತ್ತವರು ಬಂದರು, ಕರೆದರು ಎಂದು ಯಾರಾದರೂ ಹೇಳಿದರೆ ನಾನು ಮುಖಕ್ಕೇ ನಗುತ್ತಿದ್ದವಳು. "ಹೊಟ್ಟೆ ತುಂಬ ಉಂಡು ಮಲಗು, ಸರಿಹೋಗ್ತೈತೆ" ಎನ್ನುತ್ತಿದ್ದೆ. ಈಗಲೂ ದೆವ್ವ ಇದೆಯೆಂದು ವಾದಿಸುವವಳಲ್ಲ. ಆದರೆ ಮೂರು ವರ್ಷದ ಹಿಂದೆ ನಮ್ಮ ಹಿತ್ತಲಲ್ಲಿ, ಹಾಡಹಗಲೇ, ಮೂವರ ಕಿವಿಗೆ ಬಿದ್ದದ್ದನ್ನು ಇಲ್ಲವೆನ್ನಲು ನನ್ನಿಂದಾಗದು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ನೀವೇ ಯೋಚಿಸಿ.

ನಮ್ಮದು ಮದಲೂರಿನ ಹತ್ತಿರದ ತೋಟದ ಮನೆ. ರಾಗಿ, ಕಡಲೆಕಾಯಿ, ನಾಲ್ಕು ಮೇಕೆ. ಕಡಿಮೆ ವಸ್ತುಗಳಲ್ಲಿ, ಮಣ್ಣು ನೀರು ಕೆಡಿಸದೆ ಬದುಕುವುದು ಹೇಗೆಂದು ಊರೂರು ಸುತ್ತಿ ನೋಡುವ ಹುಡುಗ ಹುಡುಗಿಯರು ನಮ್ಮಲ್ಲಿಗೂ ಬರುತ್ತಾರೆ. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ವಾಸ, ಜಗುಲಿಯಲ್ಲಿ ಊಟ. ಕಳೆ ಕೀಳುತ್ತಾರೆ, ಬೂದಿಯಲ್ಲಿ ತಟ್ಟೆ ಉಜ್ಜುತ್ತಾರೆ, ಮೊದಲ ದಿನ ಮುದ್ದೆಯನ್ನು ಅಗಿಯಲು ಹೋಗಿ ನನ್ನನ್ನು ನಗಿಸುತ್ತಾರೆ. ಯಾರು ಬಂದರು, ಏನು ಅಡುಗೆ, ಯಾರಿಗೆ ಏನು ಸೇರಲಿಲ್ಲ ಎಂದು ದಿನವೂ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ರೂಢಿ. ಹಾಗಾಗಿ ಆ ದಿನದ ವಿಷಯದಲ್ಲಿ ನನಗೆ ಮರೆವಿಲ್ಲ. ಮಧ್ಯಾಹ್ನ ಹುರುಳಿಸಾರು ಮಾಡಿದ್ದೆ.

ಹಿಂದಿನ ದಿನ ಬಂದಿದ್ದವರು ಇಬ್ಬರು, ಹುಬ್ಬಳ್ಳಿಯ ನಿಖಿಲ್ ಮತ್ತು ಮೈಸೂರಿನ ಇಂಚರಾ. ಡ್ರಮ್ಮು, ಹುಳ ಕೊಲ್ಲುವ ಮಾತ್ರೆ ಯಾವುದೂ ಇಲ್ಲದೆ ಹಿಂದಿನವರು ರಾಗಿಯನ್ನು ವರ್ಷಗಟ್ಟಲೆ ಹೇಗೆ ಕಾಪಾಡುತ್ತಿದ್ದರು ಎಂದು ಕೇಳಿದರು. ಹಿತ್ತಲಲ್ಲಿದ್ದ ಹಗೇವು ತೋರಿಸಿದೆ. ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬರು ಇಳಿಯುವಷ್ಟೇ, ಒಳಗೆ ಎರಡಾಳು ಆಳ. ನಮ್ಮತ್ತೆ ತೀರಿಹೋದಮೇಲೆ ಅದರ ಚಪ್ಪಡಿಯನ್ನು ಯಾರೂ ಸರಿಸಿರಲಿಲ್ಲ. "ಕ್ಲೀನ್ ಮಾಡಿ ಮತ್ತೆ ರಾಗಿ ತುಂಬೋಣ ಆಂಟಿ" ಎಂದು ಇಬ್ಬರೂ ಹಟ ಹಿಡಿದರು. ನನಗೂ ಆಸೆಯಾಯಿತು.

ಹಗೇವು ತೆಗೆದರೆ ಒಂದು ದಿನ ಬಾಯಿ ತೆರೆದೇ ಬಿಡಬೇಕು. ಆಮೇಲೆ ದೀಪ ಇಳಿಬಿಟ್ಟು ನೋಡಬೇಕು. ಮುಚ್ಚಿದ ಗುಂಡಿಯಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ದೀಪ ಆರಿದರೆ ಇಳಿಯಬಾರದು, ಇಳಿದವರು ಮೇಲೆ ಬರುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. "ದೀಪ ಬಿಟ್ಟು ನೋಡ್ರಪ್ಪ, ಉರುದ್ರೆ ಇಳೀಬೋದು" ಎಂದವಳೂ ನಾನೇ. ಒಂದು ದಿನ ಕಾಯುವ ಮಾತನ್ನು ಮಾತ್ರ ನುಂಗಿಕೊಂಡೆ. ಮರುದಿನ ಬೆಳಿಗ್ಗೆ ಅವರು ಪಾವಗಡದ ಕಡೆ ಹೊರಡುವವರಿದ್ದರು.

ಸೀಮೆಎಣ್ಣೆ ಸುಡುವುದಿಲ್ಲವೆಂದು ಹಟ ತೊಟ್ಟ ಮಕ್ಕಳು. ಚಪ್ಪಡಿ ಸರಿಸಿ, ಬಿಸಿಲಿಗಿಟ್ಟು ಚಾರ್ಜ್ ಮಾಡುವ ತಮ್ಮ ಪುಟ್ಟ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ತಳದವರೆಗೂ ಬೆಳಕು.

"ಚಲೋ ಉರಿಯಾಕತ್ತೈತ್ರಿ ಆಂಟಿ!" ಎಂದ ನಿಖಿಲ್.

"ಅಂಗಾದ್ರೆ ಇಳಿಯಪ್ಪ" ಎಂದೆ. ನಾನೇ ಎಂದೆ.

ಸೊಂಟಕ್ಕೆ ಇನ್ನೊಂದು ಹಗ್ಗ ಕಟ್ಟಿಕೊಂಡು ಅವನು ಎದೆಯವರೆಗೆ ಇಳಿದಿದ್ದ. ಆಗ ಮನೆಯೊಳಗಿನಿಂದ ಸದ್ದು ಬಂತು. ಟಣ್, ಟಣ್, ಟಣ್. ಕಬ್ಬಿಣದ ಕುಟ್ಟಾಣಿಯ ಸದ್ದು. ನಮ್ಮತ್ತೆಗೆ ಹಲ್ಲಿರಲಿಲ್ಲ, ಎಲೆ ಅಡಿಕೆಯನ್ನು ಅದರಲ್ಲಿ ಕುಟ್ಟಿಯೇ ಬಾಯಿಗೆ ಹಾಕುತ್ತಿದ್ದರು. ನನ್ನನ್ನು ಕರೆಯಬೇಕಾದರೆ ಖಾಲಿ ಕುಟ್ಟಾಣಿಗೆ ಮೂರು ಏಟು. ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಬೇಕು, ಅಷ್ಟೇ.

ನಾನು ಬಾಯಿ ತೆರೆಯುವ ಮೊದಲೇ ನಿಖಿಲ್ ತಲೆಯೆತ್ತಿದ. "ಒಳಗ ಅಜ್ಜಿ ಅದಾರೇನ್ರಿ? ಎಲಿ ಕುಟ್ಟಾಕತ್ತಾರಲ್ಲ! ನಮ್ಮಜ್ಜಿದೂ ಹಿಂಗ ಸಪ್ಪಳ ಇತ್ರಿ."

"ಹೌದು, ನಂಗೂ ಕೇಳಿಸ್ತು" ಎಂದಳು ಹಗ್ಗ ಹಿಡಿದಿದ್ದ ಇಂಚರಾ.

"ಮ್ಯಾಕೆ ಬಾ ಮೊದ್ಲು!" ಎಂದು ಅವನ ರಟ್ಟೆ ಹಿಡಿದು ಎಳೆದುಕೊಂಡೆ. ಅವನು ಹೊರಗೆ ಬಂದದ್ದೇ ನಾನು ಮನೆಯೊಳಗೆ ಓಡಿದೆ. ಕಾಲಿಗೆ ಇಪ್ಪತ್ತೈದು ವರ್ಷದ ಅಭ್ಯಾಸ.

ನಡುಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆ ಕೂರುತ್ತಿದ್ದ ಜಾಗದ ಪಕ್ಕದ ಗೂಡಿನಲ್ಲಿ ಹಣತೆ ಇತ್ತು, ದಿನಾ ಇರುವಂಥದ್ದೇ. ಅದನ್ನು ಕಂಡೊಡನೆ ಹೊಳೆಯಿತು. ನಾವು ಇಳಿಬಿಟ್ಟದ್ದು ಬೆಂಕಿಯ ದೀಪವೇ ಅಲ್ಲ!

ಹಣತೆ ಹಚ್ಚಿ, ಪುಟ್ಟ ಬಕೆಟ್ಟಿನಲ್ಲಿಟ್ಟು ಹಗೇವಿಗೆ ಇಳಿಬಿಟ್ಟೆ. ಒಂದಾಳುದ್ದ ಹೋಗುವಷ್ಟರಲ್ಲಿ ಆರಿತು. ಮತ್ತೆ ಹಚ್ಚಿ ಬಿಟ್ಟೆ. ಅಲ್ಲೇ ಆರಿತು. ಅದರ ಕೆಳಗೆ ಆ ಲಾಟೀನು ಮಾತ್ರ ಬೆಳ್ಳಗೆ ಉರಿಯುತ್ತಲೇ ಇತ್ತು.

ಸಂಜೆ ಶಿರಾದಿಂದ ಬಂದ ಯಜಮಾನರು ಹುಡುಗರ ಮುಂದೆಯೇ ರೇಗಿದರು. "ಬ್ಯಾಟ್ರಿ ದೀಪಕ್ಕೆ ಉಸುರು ಬೇಕೇನೇ? ಅದು ಕೆರೆ ತಳದಾಗೂ ಉರಿತೈತೆ. ನಿನ್ನ ಬುದ್ಧೀನೂ ಒಂದಿನ ಬಿಸ್ಲಿಗಿಟ್ಟು ಚಾರ್ಜ್ ಮಾಡ್ಬೇಕು ಕಣೇ!" ಹುಡುಗರು ಮಲಗಲು ಹೋದಮೇಲೆ ಸದ್ದಿನ ವಿಷಯ ಹೇಳಿದೆ. "ಕುಟ್ಟಾಣಿ ಅವ್ವನ ಜೊತೇಲೇ ಇಟ್ವಲ್ಲ" ಎಂದರು. ಹೌದು. ಮಣ್ಣು ಮಾಡುವಾಗ ಎಲೆಯಡಿಕೆ ಚೀಲದ ಜೊತೆ ಅದನ್ನು ಅವರ ಮಗ್ಗುಲಿಗೆ ಇಟ್ಟದ್ದು ನಾನೇ.

ಆಮೇಲೆ ಗೇಟಿನ ಸರಪಳಿ ಅಲ್ಲಾಡಿಸಿ ನೋಡಿದ್ದೇನೆ. ಬಕೆಟ್ಟಿನ ಹಿಡಿ, ಒನಕೆಯ ಬಳೆ, ಮೇಕೆಯ ಗಂಟೆ ಎಲ್ಲವನ್ನೂ ಬಡಿದು ನೋಡಿದ್ದೇನೆ. ಯಾವುದೂ ಆ ಸದ್ದಲ್ಲ. ತಪ್ಪು ನನ್ನದು, ಕೆಟ್ಟ ಗಾಳಿ ಇದ್ದದ್ದು ನಿಜ, ಹುಡುಗ ಉಳಿದದ್ದು ನಿಜ. ಇಷ್ಟನ್ನು ಯಾರೆದುರಾದರೂ ಗಟ್ಟಿಯಾಗಿ ಹೇಳಬಲ್ಲೆ. ಆ ಮೂರು ಏಟು ಯಾರದೆಂದು ಮಾತ್ರ ಹೇಳಲಾರೆ.

ಮರುದಿನ ಬೆಳಿಗ್ಗೆ ಹೊರಡುವಾಗ, ಒಳಗೆ ಅಜ್ಜಿ ಇದ್ದಾರೆಂದೇ ತಿಳಿದಿದ್ದ ನಿಖಿಲ್ ಹೊಸ್ತಿಲ ಆಚೆಯಿಂದಲೇ ಒಳಕ್ಕೆ ಕೈಮುಗಿದ. ಈಗಲೂ ಸುಗ್ಗಿ ಬಂದಾಗ ಫೋನ್ ಮಾಡುತ್ತಾನೆ, ಕಡೆಗೆ ತಪ್ಪದೆ ಕೇಳುತ್ತಾನೆ: "ಅಜ್ಜಿ ಆರಾಮ ಅದಾರಲ್ರಿ?"

"ಅವ್ರೆ ಕಣಪ್ಪ, ಇಲ್ಲೇ ಅವ್ರೆ" ಎನ್ನುತ್ತೇನೆ. ಫೋನಿಟ್ಟ ಮೇಲೆ, ಸುಳ್ಳು ಹೇಳಿದೆನೋ ನಿಜ ಹೇಳಿದೆನೋ, ನನಗೇ ತಿಳಿಯುವುದಿಲ್ಲ.