ಹುಟ್ಟಿಗೆ ಸಿಸ್ಟರ್, ಸಾವಿಗೆ ಫಾದರ್

ಪಾಪ ಮಾಡುವುದು ಸುಲಭ, ಮಾಡಿದ್ದನ್ನು ಬಾಯಿಬಿಟ್ಟು ಹೇಳುವುದು ಮಹಾ ಕಷ್ಟ ಎಂಬ ವಿಷಯದಲ್ಲಿ ಜಗತ್ತಿನ ಧರ್ಮಗಳಿಗೆಲ್ಲ ಒಮ್ಮತವಿದೆ. ನಮ್ಮ ಶ್ರೀರಾಮನಗರದ ಕಷ್ಟ ಬೇರೆ. ಹೇಳಲು ಮನಸ್ಸಿದ್ದರೂ ಕೊಪ್ಪಳದ ಬಸ್ಸು ಬರಬೇಕು.

ಯಾಕೆಂದರೆ ಇಲ್ಲಿನ ನಾಲ್ಕಾರು ಕ್ಯಾಥೊಲಿಕ್ ಮನೆಗಳ ಫಾದರ್ ಹದಿನೈದು ದಿನಕ್ಕೊಮ್ಮೆ ಆ ಬಸ್ಸಿನಲ್ಲೇ ಬರುತ್ತಾರೆ. (ಮಂಗಳೂರಿನವರು. ಯಲಬುರ್ಗಾ ಕಡೆಯ ಮಂಗಳೂರಲ್ಲ, ಸಮುದ್ರ ಇರುವ ಮಂಗಳೂರು.) ಉಳಿದ ದಿನಗಳಿಗೆಲ್ಲ ಇಲ್ಲೇ ಇರುವ ಸನ್ಯಾಸಿನಿ ಸಿಸ್ಟರ್ ಲೂಸಿ. ದವಾಖಾನೆ ಅವರದು, ಭಾನುವಾರದ ಪ್ರಾರ್ಥನೆ ಅವರದು, ಗಂಡ ಹೆಂಡಿರ ಜಗಳ ಬಿಡಿಸುವ ಕೆಲಸವೂ ಅವರದೇ.

ಕಳೆದ ವಾರ ನಮ್ಮ ಎದುರುಮನೆಯ ಮರಿಯಮ್ಮಜ್ಜಿಗೆ ಮೇಲುಸಿರು ಹತ್ತಿತು. ಆಕೆಗೆ ಒಂದೇ ಆಸೆ: ಪಾಪನಿವೇದನೆ. ಅಂದರೆ, ತನ್ನ ತಪ್ಪುಗಳನ್ನು ಪಾದ್ರಿಯ ಮುಂದೆ ಹೇಳಿಕೊಂಡು, ದೇವರ ಹೆಸರಿನಲ್ಲಿ ಕ್ಷಮೆ ಪಡೆದು ಹೋಗಬೇಕು. ಬೆಳಗಿನ ಬಸ್ಸಿನ ಕಂಡಕ್ಟರನಿಗೆ ಹೇಳಿ ಫಾದರ್‌ಗೆ ಸುದ್ದಿ ಮುಟ್ಟಿಸಿದ್ದಾಯಿತು. ಮಧ್ಯಾಹ್ನ ಕಳೆದರೂ ಅವರ ಸುಳಿವಿಲ್ಲ. ಸಿಸ್ಟರ್ ಜೊತೆ ನಾನು, ನನ್ನ ಹೆಂಡತಿ ಅಜ್ಜಿ ಮಲಗಿದ್ದ ಹೊರಸಿನ ಪಕ್ಕ ನಿಂತಿದ್ದೆವು.

“ಸಿಸ್ಟರ್, ನೀವ ಕೇಳ್ರಿ,” ಎಂದಳು ಅಜ್ಜಿ.

“ಕೇಳ್ತೀನಿ ಅಜ್ಜಿ. ಆದ್ರ ಕ್ಷಮಾ ಕೊಡೋ ಅಧಿಕಾರ ನನಗಿಲ್ಲ. ಅದು ಫಾದರ್‌ದು.”

“ನನ್ನ ಮೊಮ್ಮಗಳು ಹುಟ್ಟಿದಾಗ ಉಸಿರಾಡವಲ್ದಾಗಿತ್ತು. ಆವಾಗ ಫಾದರ್ ಇಲ್ಲಂತ ನೀವ ತಲಿಗೆ ನೀರು ಹಾಕಿ ಜ್ಞಾನಸ್ನಾನ ಕೊಟ್ರಿ. ಆಮ್ಯಾಲ ಫಾದರ್ ಬಂದು, ಇದು ನಡೀತೈತಿ ಅಂದ್ರು. ಹುಟ್ಟೋರಿಗೆ ನೀವು ನಡೀತೀರಿ, ಸಾಯೋರಿಗೆ ನಡಿಯಂಗಿಲ್ಲೇನು?”

ಸಿಸ್ಟರ್ ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿಕೊಂಡರು. ಬಹಳ ಹೊತ್ತಿನ ಮೇಲೆ ತೆರೆದಾಗ ಅಜ್ಜಿಯ ಮುಖ ಹಗುರಾಗಿತ್ತು. ಸಂಜೆಯೊಳಗೆ ಜೀವ ಹೋಯಿತು.

ಫಾದರ್ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಬಸ್ಸು ದಾರಿಯಲ್ಲಿ ಕೆಟ್ಟು, ಪಾಪ, ಭತ್ತದ ಟ್ರ್ಯಾಕ್ಟರ್ ಹತ್ತಿ ಬಂದಿದ್ದರು. ಬಿಳಿ ಅಂಗಿಯ ತುಂಬ ಧೂಳು, ಕಣ್ಣಲ್ಲಿ ನೀರು. ಅಂಥವರ ಜೊತೆ ವಾದ ಮಾಡಬಾರದು. ಮಾಡಿದೆ.

“ಸಿಸ್ಟರ್‌ಗೂ ನಿಮ್ಮಂಗ ಗುರುಪಟ್ಟ ಕೊಟ್ಟಿದ್ರ ಇಷ್ಟೆಲ್ಲ ಆಗ್ತಿದ್ದಿಲ್ಲ ನೋಡ್ರಿ.”

“ಯೇಸು ಆರಿಸಿದ ಹನ್ನೆರಡು ಶಿಷ್ಯರೂ ಗಂಡಸರು, ಮಾಸ್ತರೇ. ಪೂಜೆಯಲ್ಲಿ ಗುರು ನಿಲ್ಲುವುದು ಯೇಸುವಿನ ಸ್ಥಾನದಲ್ಲಿ. ಅದನ್ನು ಬದಲಿಸುವ ಅಧಿಕಾರ ನಮಗಿಲ್ಲವೆಂದು ರೋಮಿನವರೇ ಹೇಳಿದ್ದಾರೆ.”

“ಆ ಹನ್ನೆರಡರಾಗ ಮಂಗಳೂರಿನವರು ಎಷ್ಟು ಮಂದಿ ಇದ್ರು ರಿ?”

ಅಷ್ಟು ದಣಿವಿನಲ್ಲೂ ಫಾದರ್ ನಕ್ಕರು. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ನನ್ನ ಹೆಂಡತಿ ಬಾಯಿ ಹಾಕಿದಳು. “ಇವರ ಮಾತು ಬಿಡ್ರಿ ಫಾದರ್. ನಮ್ಮ ಮನ್ಯಾಗ ನಸುಕಿನಾಗೆದ್ದು ನೈವೇದ್ಯ ನಾ ಮಾಡ್ಬೇಕು, ಆರತಿ ಮಾತ್ರ ಇವರ ಎತ್ತಬೇಕು.”

(ಇದು ವಿಷಯಾಂತರವೆಂದು ನಾನು ಗಂಭೀರವಾಗಿ ಸೂಚಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.)

ಅಜ್ಜಿಯ ಮಗ ಯೇಸಪ್ಪ ಅಷ್ಟೊತ್ತೂ ಕಂಬಕ್ಕೆ ಒರಗಿ ಕೂತಿದ್ದ. ಈಗ ಎದ್ದು ಸಿಸ್ಟರ್ ಹತ್ತಿರ ಬಂದ.

“ನಮ್ಮವ್ವ ಕಡೀಕ ಏನ್ ಹೇಳಿದ್ಲು ರಿ?”

ಸಿಸ್ಟರ್ ತಲೆತಗ್ಗಿಸಿ ಜಪಮಾಲೆ ಎಣಿಸತೊಡಗಿದರು. ಆತ ಮತ್ತೆ ಕೇಳಿದ.

“ಹಾಗೆ ಕೇಳಬಾರದು ಯೇಸಪ್ಪ,” ಎಂದರು ಫಾದರ್. “ಪಾಪನಿವೇದನೆಯಲ್ಲಿ ಹೇಳಿದ ಮಾತು ಎಂದೂ ಹೊರಗೆ ಬರಬಾರದು.”

ಅಂದವರಿಗೆ ತಟ್ಟನೆ ಏನೋ ಹೊಳೆದಂತಾಯಿತು. ಆ ಕಟ್ಟು ಇರುವುದು ಗುರುಗಳ ಮುಂದೆ ಮಾಡಿದ ನಿವೇದನೆಗೆ, ಸಿಸ್ಟರ್ ಮುಂದೆ ಹೇಳಿದ್ದಕ್ಕಲ್ಲ. ಅದು ನನಗೇ ಗೊತ್ತು, ಅವರಿಗೆ ಗೊತ್ತಿಲ್ಲವೇ? ಸಿಸ್ಟರ್ ತಲೆಯೆತ್ತಲಿಲ್ಲ. ಫಾದರ್ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ಮರುದಿನ ಮಣ್ಣಾಯಿತು. ಕುಣಿಯ ಹತ್ತಿರ ಪ್ರಾರ್ಥನೆಯನ್ನು ಫಾದರ್ ಹೇಳಿದರು. ಸಿಸ್ಟರ್ ಹೆಂಗಸರ ಸಾಲಿನಲ್ಲಿ ನಿಂತಿದ್ದರು.