ಸಮುದ್ರಕ್ಕೆ ಹೋದ ಚಿಪಾ ಬುಟ್ಟಿ

ದೆಯೊಲಿಂದಾ ದಿನವಿಡೀ ಬಸ್ಸು ಹತ್ತಿ ಇಳಿಯುವವಳು. ಆದರೆ ಯಾವ ಬಸ್ಸೂ ಅವಳನ್ನು ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಕೊರೊನೆಲ್ ಬೊಗಾದೊ ಊರಿನ ಹೆದ್ದಾರಿಯಲ್ಲಿ ಬಿಳಿ ರವಿಕೆ, ಬಿಳಿ ಏಪ್ರನ್ ತೊಟ್ಟು, ತಲೆಯ ಮೇಲೆ ಬಿಸಿ ಚಿಪಾದ ಬುಟ್ಟಿ ಹೊತ್ತು ನಿಲ್ಲುವ ಹೆಂಗಸರಲ್ಲಿ ಅವಳೂ ಒಬ್ಬಳು. ಬಸ್ಸು ನಿಧಾನಿಸಿದ ಕೂಡಲೇ ಹತ್ತಬೇಕು. ಸೀಟುಗಳ ನಡುವೆ ಓಲಾಡುತ್ತ ಮರಗೆಣಸಿನ ಹಿಟ್ಟು, ಚೀಸ್ ಹಾಕಿ ಸುಟ್ಟ ಬಳೆಯಾಕಾರದ ಆ ರೊಟ್ಟಿಗಳನ್ನು ಮಾರಬೇಕು. ಕಾರ್ಮೆನ್ ಕೂಡುರಸ್ತೆ ಬಂದಾಗ ಇಳಿದು ವಾಪಸು ಬಸ್ಸಿಗೆ ಕಾಯಬೇಕು. ಮದುವೆಯಾದ ಮರುವರ್ಷದಿಂದ ಐವತ್ತು ದಾಟುವ ತನಕ ಅವಳ ಬದುಕು ಅಷ್ಟು ದೂರದಲ್ಲೇ ಓಡಾಡಿತ್ತು.

ಅವಳಿಗೊಂದು ಹುಚ್ಚಿತ್ತು. ರಜೆ ಮುಗಿಸಿ ಬರುವವರ ಮಡಿಲಲ್ಲಿ ಫೋಟೋ ಲಕೋಟೆ ಕಂಡರೆ ಸಾಕು, ವ್ಯಾಪಾರ ಮರೆತುಬಿಡುತ್ತಿದ್ದಳು. "ಸ್ವಲ್ಪ ತೋರಿಸಿ ಸ್ವಾಮಿ, ಕಣ್ಣಲ್ಲಿ ನೋಡಿ ಕೊಡ್ತೀನಿ, ತಿನ್ನಲ್ಲ," ಎಂದು ಅಲ್ಲೇ ಸೀಟಿನ ಅಂಚಿಗೆ ಆನಿಕೊಳ್ಳುತ್ತಿದ್ದಳು. ಇಗ್ವಾಸು ಜಲಪಾತ, ಬ್ರೆಜಿಲ್‌ನ ಕಡಲತೀರ, ಹಿಮ ಬಿದ್ದ ಬೆಟ್ಟ, ಎಲ್ಲವನ್ನೂ ಅವಳು ಬೇರೆಯವರ ನೆಂಟರಿಷ್ಟರ ಬೆನ್ನ ಹಿಂದೆಯೇ ನೋಡಿದ್ದು. ಮನೆಗೆ ಬಂದು ಗಂಡ ಇಸಾಬೆಲಿನೋಗೆ ವರ್ಣಿಸಿದರೆ ಆತ ಮಣ್ಣಿನ ಒಲೆಯೊಳಗೆ ಸೌದೆ ತಳ್ಳುತ್ತ, "ನೀರು ತಾನೆ? ನಮ್ಮ ಬಾವೀಲೂ ಇದೆ," ಎನ್ನುತ್ತಿದ್ದ.

ಒಂದು ಫೆಬ್ರವರಿಯ ಬೆಳಿಗ್ಗೆ ಅವಳು ಹತ್ತಿದ ಬಸ್ಸು ಬೇರೆ ತರಹದ್ದಾಗಿತ್ತು. ತುಂಬ ಹೆಂಗಸರು, ಕೇಕೆ, ಹಾಡು, ಕೈಯಿಂದ ಕೈಗೆ ಸುತ್ತುತ್ತಿರುವ ತಣ್ಣನೆಯ ತೆರೆರೆ ಪಾನಕ. ಸಾನ್ ಹುವಾನ್ ಊರಿನ ಹೊಲಿಗೆ ಸಂಘದವರು ಪ್ರವಾಸ ಹೊರಟಿದ್ದರು. ಮೊದಲು ಜಲಪಾತ, ಆಮೇಲೆ ಬ್ರೆಜಿಲ್‌ನ ಸಮುದ್ರ. ಅವರ ಮುಖಂಡೆ ಅರ್ಮಿಂದಾ ನಿವೃತ್ತ ಶಿಕ್ಷಕಿ. ಎಲ್ಲರೂ ಆಕೆಯನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದರು. ಆಕೆಯ ಪಕ್ಕದ ಸೀಟು ಖಾಲಿಯಿತ್ತು.

"ಇಲ್ಯಾರೂ ಇಲ್ವಾ ಟೀಚರಮ್ಮ?"

"ನನ್ನ ತಂಗಿ ಬರಬೇಕಿತ್ತು ಕಣಮ್ಮ. ನಿನ್ನೆ ಜ್ವರ ಬಂದು ಮಲಗಿಬಿಟ್ಲು. ಸೀಟು, ಊಟ, ಮಂಚ ಎಲ್ಲಾ ಅವಳ ಹೆಸರಲ್ಲಿ ಕಾಯ್ತಿದೆ."

ದೆಯೊಲಿಂದಾ ಆ ಸೀಟನ್ನು ನೋಡಿದ ರೀತಿಗೆ ಹಿಂದಿನವಳೊಬ್ಬಳು ನಕ್ಕು, "ಕೂತ್ಕೊಂಡ್ಬಿಡು ತಾಯಿ, ಅದೇನು ಕಚ್ಚಲ್ಲ," ಎಂದಳು. ಟೀಚರಮ್ಮ ನಗಲಿಲ್ಲ. ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಗುರುತಿನ ಚೀಟಿ ಇದೆಯಾ?" ಎಂದು ಕೇಳಿದಳು.

ಇತ್ತು. ಹೆದ್ದಾರಿಯ ಪೊಲೀಸರು ಯಾವಾಗ ಬೇಕಾದರೂ ಕೇಳುತ್ತಾರೆಂದು ಏಪ್ರನ್ ಜೇಬಿನಲ್ಲಿ ಸದಾ ಇರುತ್ತಿತ್ತು.

ಕಾರ್ಮೆನ್ ಕೂಡುರಸ್ತೆಯಲ್ಲಿ ಬಸ್ಸು ನಿಂತಿತು. ಕೆಳಗೆ ಅವಳ ಜೊತೆಗಾತಿ ಸುನಿ ಖಾಲಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ವಾಪಸು ಬಸ್ಸಿಗೆ ಕಾಯುತ್ತಿದ್ದಳು. ದೆಯೊಲಿಂದಾ ಮೆಟ್ಟಿಲ ಮೇಲೆ ನಿಂತು ಕೂಗಿದಳು:

"ಸುನೀ, ಮನೇಲಿ ಇವರಿಗೆ ಹೇಳು, ಪಾತ್ರೇಲಿ ಹುರುಳಿಕಾಯಿ ಸಾರಿದೆ, ಬಿಸಿ ಮಾಡ್ಕೊಳ್ಳಲಿ. ನಾನು ಸಮುದ್ರಕ್ಕೆ ಹೋಗಿ ಬರ್ತೀನಿ."

"ಎಲ್ಲಿಗೆ?"

"ಸಮುದ್ರಕ್ಕೆ ಕಣೇ."

"ತಲೆ ಕೆಟ್ಟಿದೆಯೇನೇ ನಿಂಗೆ? ಬಟ್ಟೆ?"

"ಮೈ ಮೇಲಿದೆಯಲ್ಲ."

"ಅಯ್ಯೋ, ಇಸಾಬೆಲಿನೋಗೆ ನಾನೇನಂತ ಹೇಳ್ಲಿ? ನೀನೇ ಹೇಳ್ಕೋ," ಎಂದು ಸುನಿ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿದಳು. ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಒಳಗೆ ಹೆಂಗಸರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಕೂಡುರಸ್ತೆಯ ಆಚೆಗಿನ ಮೊದಲ ಪೆಟ್ರೋಲ್ ಬಂಕನ್ನೇ ದೆಯೊಲಿಂದಾ ಬಾಯಿ ಬಿಟ್ಟುಕೊಂಡು ನೋಡಿದಳು.

ಜಲಪಾತದ ಬಳಿ ಕಿವಿಯಲ್ಲಿ ಬೇರೇನೂ ಕೇಳದಂಥ ಸದ್ದು. ಮುಖಕ್ಕೆ, ಎದೆಗೆ, ಬುಟ್ಟಿಗೆ ಸೀರ್ಪನಿ. ಫೋಟೋಗಳಲ್ಲಿ ಇಷ್ಟು ದಿನ ಇದು ಸುಮ್ಮನೆ ನಿಂತಿರುತ್ತಿತ್ತಲ್ಲ ಎಂದು ಅವಳಿಗೆ ಸೋಜಿಗವಾಯಿತು. ಬೇರೆ ಬಸ್ಸಿನ ಪ್ರವಾಸಿಗಳು ಇವಳನ್ನು ಕಂಡು, "ಚಿಪಾ ಎಷ್ಟಮ್ಮ?" ಎಂದು ಕೇಳಿದರೆ, ಅವಳು ಹೆಮ್ಮೆಯಿಂದ, "ಇವತ್ತು ಮಾರಲ್ಲ. ನಾನೂ ನೋಡೋಕೆ ಬಂದಿದ್ದೀನಿ," ಎಂದಳು. ಆಮೇಲೆ ಮನಸ್ಸು ತಡೆಯದೆ ಒಂದೊಂದು ಕೈಗಿಟ್ಟಳು.

ಸಮುದ್ರ ಕಂಡದ್ದು ಮರುದಿನ ಮುಂಜಾನೆ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು ಅಭ್ಯಾಸವಿದ್ದವಳಾದ್ದರಿಂದ ಎಲ್ಲರಿಗಿಂತ ಮೊದಲು ಮರಳಿಗೆ ಕಾಲಿಟ್ಟವಳು ಅವಳೇ. ಬುಟ್ಟಿಯನ್ನು ನೀರಂಚಿನಲ್ಲಿಟ್ಟು ಬೊಗಸೆಯಲ್ಲಿ ನೀರು ಮೊಗೆದು ನೆಕ್ಕಿದಳು. ಮುಖ ಕಿವುಚಿ ಗಟ್ಟಿಯಾಗಿ ನಕ್ಕಳು. ಅಷ್ಟರಲ್ಲಿ ಒಂದು ಅಲೆ ಬಂದು ಬುಟ್ಟಿಯನ್ನೆತ್ತಿಕೊಂಡು ಹೊರಟಿತು.

"ಬುಟ್ಟಿ, ಬುಟ್ಟಿ! ನಮ್ಮತ್ತೆ ಕೊಟ್ಟಿದ್ದು!"

ದೆಯೊಲಿಂದಾ ಬಟ್ಟೆಸಮೇತ ನೀರಿಗೆ ನುಗ್ಗಿದಳು. ಅವಳಿಗೆ ಈಜು ಬರುವುದಿಲ್ಲವೆಂದು ಕಿರುಚುತ್ತ ಟೀಚರಮ್ಮ ಅವಳ ಏಪ್ರನ್ನಿನ ದಾರ ಹಿಡಿದಳು. ಟೀಚರಮ್ಮನ ಸೊಂಟವನ್ನು ಇನ್ನೊಬ್ಬಳು, ಅವಳನ್ನು ಮತ್ತೊಬ್ಬಳು. ಕೊನೆಗೆ ದಡದಲ್ಲಿ ಬೇಯಿಸಿದ ಜೋಳದ ತೆನೆ ಮಾರುತ್ತಿದ್ದ ಮುದುಕನೊಬ್ಬ ತನ್ನ ಗಾಡಿ ಬಿಟ್ಟು ಓಡಿಬಂದು ಬುಟ್ಟಿಯನ್ನು ಎಳೆದುಕೊಟ್ಟ. ಅವನ ಭಾಷೆ ಬೇರೆ, ಇವಳದು ಬೇರೆ. ಬುಟ್ಟಿಯ ತಳದಲ್ಲಿ ಉಳಿದಿದ್ದ ಒದ್ದೆ ಚಿಪಾವೊಂದನ್ನು ಇವಳು ಕೊಟ್ಟಳು. ಆತ ಅಗಿದು ನೋಡಿ, ಉಪ್ಪು ಜಾಸ್ತಿಯಾಯಿತೆಂದು ಕೈಸನ್ನೆ ಮಾಡಿ, ಒಂದು ತೆನೆ ಕೊಟ್ಟ. ಆಮೇಲೆ ತನ್ನ ಹುಲ್ಲಿನ ಟೋಪಿಯನ್ನು ಅವಳ ತಲೆಗಿಟ್ಟು, ಬುಟ್ಟಿಯನ್ನು ತನ್ನ ತಲೆಗಿಟ್ಟುಕೊಂಡು ನಾಲ್ಕು ಹೆಜ್ಜೆ ನಡೆದು ತೋರಿಸಿದ. ಹೆಂಗಸರ ಕ್ಯಾಮೆರಾಗಳು ಕ್ಲಿಕ್ ಎಂದದ್ದೇ ಎಂದದ್ದು.

"ನಂಗೂ ಒಂದು ಪ್ರತಿ ಕಳಿಸ್ತೀರಲ್ಲ?" ಎಂದು ಅವಳು ದಾರಿಯುದ್ದಕ್ಕೂ ಕೇಳಿದಳು. ಎಲ್ಲರೂ ಆಗಲಿ ಎಂದರು.

ಊರಿಗೆ ಬಂದರೆ ಮನೆಯಲ್ಲಿ ಬೇರೆಯೇ ಕತೆ. ಸುಟ್ಟಿಟ್ಟ ಚಿಪಾ ಹಾಳಾಗಬಾರದೆಂದು ಇಸಾಬೆಲಿನೋ ತಾನೇ ಏಪ್ರನ್ ಕಟ್ಟಿಕೊಂಡು ಬಸ್ಸು ಹತ್ತಿದ್ದನಂತೆ. ನಾಚಿಕೆಯಿಂದ ಎಷ್ಟು ಮೆಲ್ಲಗೆ "ಚಿಪಾ" ಎಂದನೆಂದರೆ, ಗುಟ್ಟು ಹೇಳಲು ಬಂದಿದ್ದಾನೆಂದು ಜನ ಕಿವಿ ಕೊಟ್ಟರಂತೆ. ಸುನಿ ಇದನ್ನು ನಟಿಸಿ ತೋರಿಸುವಾಗ ಆತ ಎದ್ದು ಒಲೆಯ ಕಡೆಗೆ ಹೋದ. ಹೆಂಡತಿಗೆ ಬೆನ್ನು ಹಾಕಿ ಸೌದೆ ತಳ್ಳತೊಡಗಿದ. ಬುಟ್ಟಿಯ ಕತೆಯನ್ನಂತೂ ಯಾರೂ ನಂಬಲಿಲ್ಲ. "ಮುದುಕನ ಟೋಪಿ ಹಾಕ್ಕೊಂಡ್ಲಂತೆ. ಬಿಡೇ, ಬಾಯಿಗೆ ಬಂದಿದ್ದೆಲ್ಲ ಹೇಳ್ತಾಳೆ," ಎಂದು ಉಳಿದ ಚಿಪಾದವರು ಗೇಲಿ ಮಾಡಿದರು.

ಚಳಿಗಾಲ ಶುರುವಾಗುವ ಹೊತ್ತಿಗೆ ಒಂದು ಬಸ್ಸು ದೂರದಿಂದಲೇ ಹಾರ್ನ್ ಬಾರಿಸುತ್ತ ಬಂತು. ಡ್ರೈವರ್ ಕಿಟಕಿಯಿಂದ ಕೈಚಾಚಿ, "ದೆಯೊಲಿಂದಾ ಯಾರಮ್ಮ? ಸಾನ್ ಹುವಾನ್‌ನ ಟೀಚರಮ್ಮ ಕೊಟ್ಟಿದ್ದು," ಎಂದು ಲಕೋಟೆಯೊಂದನ್ನು ಕೊಟ್ಟ. ಹೆಂಗಸರೆಲ್ಲ ಬುಟ್ಟಿ ಕೆಳಗಿಟ್ಟು ಮುಗಿಬಿದ್ದರು. ಫೋಟೋದಲ್ಲಿ ಹುಲ್ಲಿನ ಟೋಪಿ ಇತ್ತು, ಮುದುಕ ಇದ್ದ, ಅವನ ತಲೆಯ ಮೇಲೆ ಬುಟ್ಟಿ ಇತ್ತು. ಸುನಿ ಅದನ್ನು ಕಸಿದುಕೊಂಡು ನಿಂತಿದ್ದ ಬಸ್ಸಿನ ಪ್ರಯಾಣಿಕರಿಗೆಲ್ಲ ತೋರಿಸಿ ಬಂದಳು.

ಆಮೇಲೆ ಫೋಟೋಗಳು ಒಂದೊಂದಾಗಿ ಬರತೊಡಗಿದವು. ಕೆಲವು ಡ್ರೈವರ್‌ಗಳ ಕೈಯಲ್ಲಿ, ಕೆಲವು ಯಾರೋ ಅಪರಿಚಿತರ ಚೀಲದಲ್ಲಿ. ಬಸ್ಸಿನ ಹಾರ್ನ್ ಉದ್ದವಾಗಿ ಕೇಳಿದರೆ ಇಡೀ ಸಾಲು ಕತ್ತೆತ್ತಿ ನೋಡುತ್ತಿತ್ತು. ಬುಟ್ಟಿಯ ಹಿಂದೆ ತಾನು ಓಡುವ ಫೋಟೋ ಬಂದ ದಿನ ಅವಳು ಅದನ್ನು ಗಂಡನಿಗೆ ಕೊಟ್ಟು ಪಕ್ಕದಲ್ಲೇ ನಿಂತಳು. ಕೂದಲು ಬಿಚ್ಚಿಹೋಗಿದೆ, ಬಾಯಿ ಪೂರ್ತಿ ತೆರೆದಿದೆ, ಹಿಂದೆ ಏಪ್ರನ್ ದಾರಕ್ಕೆ ಹೆಂಗಸರ ರೈಲು. ಇಸಾಬೆಲಿನೋ ಬೂದಿ ಮೆತ್ತಿದ ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದ.

"ನೀನು ಓಡೋದು ನಾನು ನೋಡೇ ಇರ್ಲಿಲ್ಲ."

"ಹಿಂದೆ ಬಂದಿದ್ರೆ ನೋಡ್ತಿದ್ರಿ."

ಆತ ಫೋಟೋವನ್ನು ತಿರುಗಿಸಿ, ಮತ್ತೆ ನೇರ ಮಾಡಿ, ಕೇಳಿದ: "ನಿಜವಾಗ್ಲೂ ಉಪ್ಪಾ ಆ ನೀರು?"

ಮುಂದಿನ ಬೇಸಿಗೆಗೆ ಕೊರೊನೆಲ್ ಬೊಗಾದೊದ ಚಿಪಾದವರೇ ಒಂದು ಬಸ್ಸು ಗೊತ್ತುಮಾಡಿದರು. ದೆಯೊಲಿಂದಾ ಈಗ ಸ್ವಂತ ಕ್ಯಾಮೆರಾ ಕೊರಳಿಗೆ ಹಾಕಿಕೊಂಡಿದ್ದಳು. ಕಾರ್ಮೆನ್ ದಾಟುವಾಗ ಸುನಿ ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಜಲಪಾತದ ಎದುರು ಇಸಾಬೆಲಿನೋ ತೊಟ್ಟಿಕ್ಕುವಷ್ಟು ನೆನೆದು, ಕಂಬಿ ಬಿಟ್ಟು ಬರಲೊಲ್ಲದೆ, "ಇನ್ನೊಂದು ತೆಗಿಯೇ, ಇನ್ನೊಂದು," ಎನ್ನುತ್ತಲೇ ಇದ್ದ. ಅವಳಿಗೋ ಸಂಭ್ರಮದಲ್ಲಿ ಕೈ ನಿಲ್ಲುತ್ತಿರಲಿಲ್ಲ.

ಫಿಲ್ಮ್ ತೊಳೆಸಿ ನೋಡಿದರೆ ಎಲ್ಲ ಫೋಟೋದಲ್ಲೂ ಆತನ ತಲೆ ಕತ್ತರಿಸಿಹೋಗಿತ್ತು. ಇಸಾಬೆಲಿನೋ ಅವುಗಳಲ್ಲಿ ದೊಡ್ಡದೊಂದನ್ನು ಆರಿಸಿ ಒಲೆಯ ಚಪ್ಪರಕ್ಕೆ ಮೊಳೆ ಹೊಡೆದು ತೂಗುಹಾಕಿದ.

"ತಲೇನೇ ಇಲ್ವಲ್ರೀ," ಎಂದಳು ಅವಳು.

"ಇರ್ಲಿ ಬಿಡು. ಈ ಹೊಟ್ಟೆ ಯಾರ್ದು ಅಂತ ಊರಿಗೇ ಗೊತ್ತು," ಎಂದ ಆತ, ಮೊಳೆಗೆ ಇನ್ನೊಂದು ಏಟು ಹಾಕುತ್ತ.