ತುರಿಮಣೆಯ ಹಲ್ಲು ಗಟ್ಟಿಯಾದ ಭಾನುವಾರ

ನಾನು ಚಿಕ್ಕವಳಿದ್ದಾಗ ಆಂಟಾಪ್ ಹಿಲ್‌ನ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಅಮ್ಮನಿಗೆ ಜೀವದಂತಿದ್ದ ವಸ್ತು ಒಂದು ತುರಿಮಣೆ. ಉಡುಪಿಯ ತವರಿನಿಂದ ಬಂದದ್ದು. ಅದರಲ್ಲಿ ತುರಿದರೆ ತೆಂಗಿನಕಾಯಿ ಮಲ್ಲಿಗೆಯಂತೆ ಉದುರುತ್ತಿತ್ತು.

ಒಮ್ಮೆ ಚೌತಿಯ ಮುಂಚೆ, ಹಲ್ಲಿನ ಸಂದಿಯ ಹಳೇ ಜಿಡ್ಡು ಹೋಗಲಿ ಎಂದು ಅಮ್ಮ ಅದರ ಅಲಗು ಬಿಚ್ಚಿ ಸ್ಟವ್‌ನ ಉರಿಗೆ ಹಿಡಿದಳು. ಅಲಗು ಕೆಂಪಗಾಯಿತು, ಜಿಡ್ಡೂ ಸುಟ್ಟಿತು. ಆದರೆ ತಣಿದ ಮೇಲೆ ಕಾಯಿ ತುರಿಯಲು ಕೂತರೆ ಹಲ್ಲುಗಳೇ ಬಾಗಿದವು.

“ನನ್ನ ಅಮ್ಮ ಕೊಟ್ಟದ್ದು ಮಾರಾಯ್ರೆ, ನಾನೇ ಹಾಳು ಮಾಡಿದೆ,” ಎಂದು ಅಪ್ಪನ ಮುಂದೆ ಕಣ್ಣೊರೆಸಿಕೊಂಡಳು.

ಅಪ್ಪ ಜೋಗೇಶ್ವರಿಯ ಒಂದು ವರ್ಕ್‌ಶಾಪಿನಲ್ಲಿ ಉಳಿ, ಚಾಣಗಳನ್ನು ಮಾಡುತ್ತಿದ್ದರು. ಭಾನುವಾರ ಆ ಅಲಗನ್ನು ತೆಗೆದುಕೊಂಡು, ನನ್ನನ್ನೂ ಅಕ್ಕನನ್ನೂ ಲೋಕಲ್ ರೈಲು ಹತ್ತಿಸಿ ಅಲ್ಲಿಗೆ ಕರೆದೊಯ್ದರು. ಒಳಗೆಲ್ಲ ಎಣ್ಣೆ, ಕಬ್ಬಿಣದ ವಾಸನೆ. ಬಾಯಲ್ಲಿ ಹೇಳಿ ಕಲಿಸುವುದು ಅಪ್ಪನಿಗೆ ಆಗಿಬರುತ್ತಿರಲಿಲ್ಲ. ಅಕ್ಕನ ಜಡೆಯಿಂದ ಎರಡು ಪಿನ್ ಕೇಳಿ, ಇಕ್ಕಳ ಹಿಡಿಸಿ ನಮ್ಮಿಂದಲೇ ಕೆಂಪಗೆ ಕಾಯಿಸಿದರು. ಒಂದನ್ನು ತಾನಾಗಿ ತಣಿಯಲು ಬಿಟ್ಟೆವು. ಆಮೇಲೆ ಒತ್ತಿದರೆ ಅದು ತಂತಿಯಂತೆ ಬಾಗಿತು. ಇನ್ನೊಂದನ್ನು ತಕ್ಷಣ ನೀರಿಗೆ ಅದ್ದಿದೆವು. ಬಗ್ಗಿಸಿದರೆ ಟಕ್ಕೆಂದು ಮುರಿಯಿತು.

ಮೊದಲನೆಯ ಪಿನ್ ಅಮ್ಮನ ತುರಿಮಣೆಯ ಹಾಗೇ ಅಲ್ಲವಾ ಎಂದಳು ಅಕ್ಕ. ಅಪ್ಪನ ಮುಖ ಅರಳಿತು.

ಅಪ್ಪ ಹಲ್ಲುಗಳನ್ನು ನೆಟ್ಟಗೆ ಮಾಡಿಕೊಟ್ಟರು. ಅಕ್ಕ ಅಲಗನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ, ಮುಂದೆ ಬಣ್ಣ ಕಾಣಲಿ ಎಂದು ಹೊಳೆಯುವಂತೆ ಉಜ್ಜಿದಳು. ಇನ್ನು ಸಣ್ಣ ಉರಿಯಲ್ಲಿ ಅದರ ಮೇಲೆ ಒಣಹುಲ್ಲಿನ ಹಳದಿ ಬಣ್ಣ ಬರುವ ತನಕ ಬಿಸಿ ಮಾಡಿ ಮತ್ತೆ ಅದ್ದಬೇಕು. ಬೇಗ ತೆಗೆದರೆ ಹಲ್ಲು ಎರಡನೆಯ ಪಿನ್ನಿನಂತೆ ಮುರಿಯುತ್ತದೆ, ತಡವಾದರೆ ಮತ್ತೆ ಮೆತ್ತಗಾಗುತ್ತದೆ. ಇಕ್ಕಳವನ್ನು ಅಪ್ಪ ನನ್ನ ಕೈಗೆ ಕೊಟ್ಟರು. ಯಾವಾಗ ತೆಗೆಯಲಿ ಎಂದು ನಾನು ಅವರ ಮುಖವನ್ನೇ ನೋಡಿದೆ.

“ಬಣ್ಣ ನೋಡು ಮಗಾ, ನನ್ನ ಮುಖ ನೋಡ್ಬೇಡ.”

ನೋಡಿದೆ. ಹಳದಿ ಹಬ್ಬಿತು. ಅದ್ದಿದೆ. ಸಂಜೆ ಅಮ್ಮ ಕಾಯಿ ತುರಿದಳು, ಹೂವಿನಂಥ ತುರಿಯನ್ನು ಮೊದಲು ನನ್ನ ಬಾಯಿಗೇ ಹಾಕಿದಳು. ಅಷ್ಟು ಪ್ರೀತಿಯ ವಸ್ತುವನ್ನು ನನ್ನ ಕೈಗೆ ನಂಬಿ ಕೊಟ್ಟ ಅಪ್ಪನ ಋಣ ತೀರುವಂಥದ್ದಲ್ಲ.

ಮಕ್ಕಳೇ, ಮಲಾಡ್‌ನ ನಿಮ್ಮ ಮನೆಗೆ ಕಾಯಿತುರಿ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಕಬ್ಬಿಣ ಕಾಯಿಸುವುದನ್ನು ನೀವು ಮೊಬೈಲಿನಲ್ಲಿ ನೋಡಿದ್ದೀರಿ. ಆದರೂ ನಿನ್ನೆ ನನ್ನ ಜೊತೆ ಪಿನ್ ಕಾಯಿಸಲು ಕೂತ ಮೊಮ್ಮಗಳು, “ಅಜ್ಜಿ, ಅಬ್ ನಿಕಾಲೂ?” ಈಗ ತೆಗೆಯಲಾ ಎಂದು ನನ್ನತ್ತ ತಿರುಗಿದಳು.

ನಾನು ಬೇಕೆಂದೇ ಮುಖ ಆಚೆ ತಿರುಗಿಸಿಕೊಂಡೆ.